ಅಕ್ಷರ ಅಳಿಸಿದ ಗುಂಡಿ ಯಾವುದು ನೋಡಿ

ವಿಜಯಪುರದ ನಮ್ಮ ಮನೆಯ ವಾಷಿಂಗ್ ಮಷಿನ್ನಿನಲ್ಲಿ 12 ಪ್ರೋಗ್ರಾಂ ಇದ್ದವು. ಒಂಬತ್ತು ವರ್ಷ ದುಡಿದು ಕಳೆದ ತಿಂಗಳು ಮಲಗಿಬಿಟ್ಟಿತು. ಮೆಕ್ಯಾನಿಕ್ ಹಿಂದೆ ಬಿಚ್ಚುತ್ತಿದ್ದ, ನಾನು ಮುಂದೆ ಕೂತಿದ್ದೆ. ಆಗ ಕಣ್ಣಿಗೆ ಬಿತ್ತು: 'ಕ್ವಿಕ್' ಗುಂಡಿಯ ಮೇಲೆ ಅಕ್ಷರವೇ ಇಲ್ಲ, ಬೆರಳು ತಾಗಿ ತಾಗಿ ಸವೆದಿದೆ. ಉಳಿದ 11 ಗುಂಡಿ ನಿನ್ನೆ ತಂದ ಹಾಗೆ ಹೊಳೆಯುತ್ತಿವೆ. 'ಮೋಟರ್ ಚಲೋ ಐತ್ರಿ ಅಕ್ಕಾರ, ಬೋರ್ಡ್ ಹೋಗೇತಿ' ಅಂದ. ಮಷಿನ್ ನಡೆಸುವ ಆ ಎಲೆಕ್ಟ್ರಾನಿಕ್ ಬೋರ್ಡಿನ ರೇಟು ಕೇಳಿ ಅತ್ತೆ ಅಲ್ಲೇ ಕೂತುಬಿಟ್ಟರು.

ಹೊಸದನ್ನು ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಇದೇ. ಅಂಗಡಿಗೆ ಹೋಗುವ ಮುಂಚೆ ಹಳೆಯದರ ಮುಂದೆ ಎರಡು ನಿಮಿಷ ನಿಂತು, ಯಾವ ಗುಂಡಿ ಸವೆದಿದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಹಳೆಯದು ಇಲ್ಲದಿದ್ದರೆ ಒಂದು ವಾರ ಏನೇನು ಒಗೆದಿರಿ ಅಂತ ಬರೆಯಿರಿ. ನಮ್ಮ ಮನೆಯ ಪಟ್ಟಿ: ಯೂನಿಫಾರ್ಮ್, ಟವೆಲ್, ಹಾಸಿಗೆ ಹೊದಿಕೆ. ಇಳಕಲ್ ಸೀರೆ ಹೇಗೂ ಕೈಯಲ್ಲೇ ಒಗೆಯುವುದು. 'ಡೆಲಿಕೇಟ್' ಅಂತ ಬರೆದ ಮಾತ್ರಕ್ಕೆ ಅತ್ತೆ ತಮ್ಮ ಸೀರೆಯನ್ನು ಮಷಿನ್ನಿಗೆ ಕೊಡುವುದಿಲ್ಲ.

ಎರಡನೆಯದು ನೀರು. ಬೋರಿನ ಸವಳು ನೀರು ಬಳಸುವವರು ಇದನ್ನು ಗಮನವಿಟ್ಟು ಓದಿ. ಒಳಗೇ ನೀರು ಕಾಯಿಸುವ ಹೀಟರ್ ಇದ್ದರೆ ಸೇಲ್ಸ್ ಹುಡುಗರು ಅದನ್ನೇ ಮೊದಲು ತೋರಿಸುತ್ತಾರೆ. ಸವಳು ನೀರು ಕಾದಾಗ ಅದರಲ್ಲಿರುವ ಸುಣ್ಣದ ಅಂಶ ಗಟ್ಟಿಯಾಗಿ ಹೀಟರಿಗೇ ಮೆತ್ತಿಕೊಳ್ಳುತ್ತದೆ. ಮನೆಯ ನೀರು ಕಾಯಿಸುವ ಕಾಯಿಲ್ ಬೆಳ್ಳಗಾಗುತ್ತದಲ್ವಾ, ಅದೇ ಪದರ. ಕರೆಂಟೂ ಜಾಸ್ತಿ. ಸುಮಾರು 2,000 ವ್ಯಾಟ್‌ನ ಹೀಟರ್ ಅರ್ಧ ಗಂಟೆ ಉರಿದರೆ 1 ಯೂನಿಟ್ ಹೋಯಿತು. ಏಪ್ರಿಲ್‌ನಲ್ಲಿ ನಮ್ಮೂರ ಟ್ಯಾಂಕಿನ ನೀರೇ ಕೈ ಸುಡುತ್ತದೆ, ಇನ್ನು ಹೀಟರ್ ಯಾಕೆ? ಮುಂದಿನ ಬಾಗಿಲಿನಿಂದ ಅರಿವೆ ಹಾಕುವ ಫ್ರಂಟ್ ಲೋಡ್ ಬೇಕೇ ಬೇಕು ಅಂದರೆ ಸಾಮಾನ್ಯವಾಗಿ ಹೀಟರ್ ಅದರ ಜೊತೆಗೇ ಬರುತ್ತದೆ. ಬರಲಿ, ತಣ್ಣೀರಿನ ಸೆಟ್ಟಿಂಗಿನಲ್ಲೇ ಇಟ್ಟುಬಿಡಿ.

ನೀರಿನ ಜೋರನ್ನೂ ನೋಡಿ. ಟ್ಯಾಂಕು ನಳಕ್ಕಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಒಂದೇ ಅಂತಸ್ತಿನ ಮನೆಯಲ್ಲಿ ಅಂತರ 3 ಮೀಟರ್ ಇದ್ದರೆ ಬರೀ 0.3 ಬಾರ್. ಮಷಿನ್ನಿಗೆ ಕನಿಷ್ಠ ಎಷ್ಟು ಬೇಕು ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತಾರೆ. ಮೆಗಾಪಾಸ್ಕಲ್‌ನಲ್ಲಿ ಇದ್ದರೆ 10ರಿಂದ ಗುಣಿಸಿ, ಬಾರ್ ಸಿಗುತ್ತದೆ. ಒತ್ತಡ ಸಾಲದಿದ್ದರೆ ಫುಲ್ ಆಟೋಮ್ಯಾಟಿಕ್ ನೀರು ತುಂಬುವುದನ್ನೇ ಕಾಯುತ್ತಾ ನಿಲ್ಲುತ್ತದೆ. ಬಕೆಟ್‌ನಿಂದಲೂ ನೀರು ಸುರಿಯಬಹುದಾದ ಸೆಮಿ ಆಟೋಮ್ಯಾಟಿಕ್ ಅಂಥ ಮನೆಗೆ ಸರಿಯಾದ ಜೋಡಿ.

ಕರೆಂಟ್ ಹೋಗಿ ಬಂದಾಗ ಬಿಟ್ಟಲ್ಲಿಂದಲೇ ಶುರುವಾಗುವ ಸೌಲಭ್ಯ ಮಾತ್ರ ಇರಲಿ. ಇದಕ್ಕೆ ದುಡ್ಡು ಕೊಡಬಹುದು.

ಈಗ ಅಂಗಡಿ. ನಾವು ಗಾಂಧಿ ಚೌಕದ ಕಡೆ ಹೋಗಿದ್ದೆವು. 'ಅಕ್ಕಾರ, ಇದರಾಗ ವೈಫೈ ಐತ್ರಿ. ಒಗ್ಯಾಣ ಮುಗಿದ ಕೂಡ್ಲೇ ಫೋನಿಗೆ ಮೆಸೇಜ್ ಬರ್ತೈತ್ರಿ' ಅಂದ ಹುಡುಗ. ಅತ್ತೆ ಕೇಳಿದರು: 'ಅರಿವಿ ಹಾಕಾಕೂ ನಾನ ಬೇಕು, ತಗ್ಯಾಕೂ ನಾನ ಬೇಕು. ನಡುವ ಫೋನ್ ಯಾಕಪಾ?' ಹುಡುಗ ನಕ್ಕ, ಉತ್ತರ ಕೊಡಲಿಲ್ಲ. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ಸೌಲಭ್ಯ ಕೆಟ್ಟರೆ ಉಳಿದ ಮಷಿನ್ ನಡೆಯುತ್ತದೆಯೇ? ಟಚ್ ಪ್ಯಾನೆಲ್ ಹೋದರೆ ಎಷ್ಟೋ ಮಾಡೆಲ್‌ಗಳಲ್ಲಿ ಮಷಿನ್ ಆನ್ ಮಾಡುವುದಕ್ಕೇ ದಾರಿ ಇರುವುದಿಲ್ಲ. 'ಮೋಟರಿಗೆ 10 ವರ್ಷ ವಾರಂಟಿ' ಅಂತ ದೊಡ್ಡದಾಗಿ ಅಂಟಿಸಿದ್ದರೆ, ಬೋರ್ಡಿಗೆ ಎಷ್ಟು ವರ್ಷ ಅಂತ ಕೇಳಿ ಬರೆಸಿಕೊಳ್ಳಿ.

ಫ್ರಿಜ್ ನೋಡುವವರು ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ. ಸ್ಟಿಕ್ಕರಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರುತ್ತದೆ, ಆ ಅಂಕಿ ಮುಖ್ಯ. ದೊಡ್ಡ 5 ಸ್ಟಾರ್ ಫ್ರಿಜ್ ಸಣ್ಣ 3 ಸ್ಟಾರ್‌ಗಿಂತ ಹೆಚ್ಚು ತಿನ್ನಬಹುದು. 'ಇನ್ವರ್ಟರ್ ಫ್ರಿಜ್' ಅಂದರೆ ಕರೆಂಟ್ ಹೋದಾಗ ಬ್ಯಾಟರಿಯ ಮೇಲೆ ಓಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ಕಂಪ್ರೆಸರಿನ ವೇಗ ಬೇಕಾದಷ್ಟು ಹೆಚ್ಚು ಕಡಿಮೆ ಮಾಡುವ ವಿಧಾನ. ಇನ್ನು ಬಾಗಿಲಲ್ಲೇ ನೀರು ಬರುವ ನಳ. ಮೂಲೆಯಲ್ಲಿ ತುಂಬಿದ ಹರವಿ ಇರುವ ಮನೆಗೆ ಅದೊಂದು ತೊಳೆಯುವ ಕೆಲಸ, ಅಷ್ಟೇ.

ಮಿಕ್ಸಿಗೆ ಮೂರು ಸ್ಪೀಡ್, ಒಂದು ಪಲ್ಸ್ ಸಾಕು. ಶೇಂಗಾ ಚಟ್ನಿ ಮಾಡುವವರಿಗೆ ಗೊತ್ತು: ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತಿರುಗಿಸಿ ಬಿಟ್ಟು, ತಿರುಗಿಸಿ ಬಿಟ್ಟು ಮಾಡಬೇಕು. ಆ ಹದ ಕೈಗೆ ಗೊತ್ತೇ ಹೊರತು 'ಆಟೋ' ಗುಂಡಿಗಲ್ಲ.

ಕೊನೆಗೆ ಎಕ್ಸ್‌ಚೇಂಜ್. ಮೊದಲು ಬರೀ ಹೊಸದರ ರೇಟು ಕೇಳಿ, ಚೌಕಾಶಿ ಮುಗಿಸಿ. ಆಮೇಲೆ ಮನೆಯಲ್ಲಿ ಹಳೆಯದು ಇದೆ ಅನ್ನಿ. ನಮ್ಮದಕ್ಕೆ ಹೇಳಿದ ರೇಟು ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಅದರ ಸ್ಟೀಲ್ ಡ್ರಮ್ ಬಿಚ್ಚಿಸಿ ಇಟ್ಟುಕೊಂಡರು. ಈಗ ಅದರಲ್ಲಿ ಉಳ್ಳಾಗಡ್ಡಿ ತುಂಬಿದ್ದಾರೆ. ಸುತ್ತಲೂ ತೂತು ಇರುವುದರಿಂದ ಗಾಳಿ ಚೆನ್ನಾಗಿ ಆಡುತ್ತದೆ.