ಅರ್ತ್ ಇಲ್ಲದ ಸೆನ್ಸರ್: 407ಗೆ ಕರೆಂಟ್ ಫ್ಯಾನ್ ಹಾಕಿದ ನನ್ನ ಅನುಭವ

ನನ್ನ ಹಳೆಯ ಟಾಟಾ 407 ಸಣ್ಣ ಲಾರಿಯ ಇಂಜಿನ್ ರೋಡಲ್ಲಿ ಓಡುವಾಗ ಯಾವತ್ತೂ ಅತಿಯಾಗಿ ಬಿಸಿಯಾಗಿದ್ದಿಲ್ಲ. ನಿಂತಾಗಲೇ ಅದರ ರಗಳೆ. ಸೀಸನ್‌ನಲ್ಲಿ ಮಂಡ್ಯ ಕಡೆ ಸಕ್ಕರೆ ಫ್ಯಾಕ್ಟರಿ ಮುಂದೆ ಕ್ಯೂ ಹೇಗಿರುತ್ತೆ ಗೊತ್ತಲ್ವಾ? ಹತ್ತಡಿ ಮುಂದೆ ಹೋಗು, ನಿಲ್ಲು. ರೇಡಿಯೇಟರ್‌ಗೆ ಗಾಳಿ ಎಳೆಯುವ ಬೆಲ್ಟ್ ಫ್ಯಾನ್ ತಿರುಗೋದು ಇಂಜಿನ್ ಜೊತೆಗೇ, ಇಂಜಿನ್ ನಿಧಾನಕ್ಕೆ ಓಡುವಾಗ ಅದೂ ನಿಧಾನ. ಹಿಂದೆ ಕಬ್ಬು, ಎದುರಿಗೆ ಬಿಸಿಲು, ಟೆಂಪರೇಚರ್ ಮುಳ್ಳು ಕೆಂಪಿಗೆ.

ಮೊದಲು ರೇಡಿಯೇಟರ್ ಬಿಚ್ಚಿಸಿ ಒಳಗೆಲ್ಲ ಕ್ಲೀನ್ ಮಾಡಿಸಿದೆ, ಥರ್ಮೋಸ್ಟಾಟ್ (ಬಿಸಿ ನೋಡಿ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ಹೊಸದು ಹಾಕಿದೆ. ನೀವೂ ಅದನ್ನೇ ಮೊದಲು ಮಾಡಿ. ನನಗೆ ಅರ್ಧ ವಾಸಿಯಾಯಿತು, ಉಳಿದರ್ಧಕ್ಕೆ ಮೈಸೂರಿನ ಗುಜರಿಯಿಂದ ಕಾರಿನ 12 ಇಂಚಿನ ಕರೆಂಟ್ ಫ್ಯಾನ್ ತಂದೆ. 407 12 ವೋಲ್ಟ್ ಗಾಡಿ, ಹಾಗಾಗಿ ಸರಿಹೋಯಿತು. 24 ವೋಲ್ಟಿನ ದೊಡ್ಡ ಲಾರಿಗೆ ಇದನ್ನು ಕೊಟ್ಟರೆ ಸುಟ್ಟೇ ಹೋಗುತ್ತೆ.

ಹಳೆ ಫ್ಯಾನ್ ಎಲೆ ಬಿಚ್ಚಿದ ಮೇಲೆ ಅದೇ ಬೋಲ್ಟನ್ನು ಪುಲ್ಲಿಗೆ (ಬೆಲ್ಟ್ ಓಡುವ ಚಕ್ರಕ್ಕೆ) ವಾಪಸ್ ಹಾಕಬೇಡಿ. ಎಲೆಯ ದಪ್ಪ ಇಲ್ಲದ ಕಾರಣ ಬೋಲ್ಟ್ ಉದ್ದ ಜಾಸ್ತಿಯಾಗಿ ತಳ ಮುಟ್ಟಿ ನಿಲ್ಲುತ್ತೆ. ಕೈಗೆ ಟೈಟ್ ಅನ್ನಿಸಿದರೂ ಪುಲ್ಲಿ ಲೂಸೇ. ಗಿಡ್ಡ ಬೋಲ್ಟ್ ತಂದು ಹಾಕಿದೆ.

ವೈರಿಂಗ್‌ಗೆ 40 ಆಂಪಿಯರ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್. ಬ್ಯಾಟರಿ ಪ್ಲಸ್‌ನಿಂದ 30 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. 87ರಿಂದ ಫ್ಯಾನ್‌ಗೆ. ಈ ದಾರಿಗೆ 4 ಸ್ಕ್ವೇರ್ ಎಂಎಂ ವೈರ್ ಎಳೆದೆ, ಫ್ಯಾನ್ ಮೈನಸ್‌ಗೂ ಅದೇ ದಪ್ಪ. 86ಕ್ಕೆ ಇಗ್ನಿಷನ್ ಕರೆಂಟ್, 85 ನೀರಿನ ಬಿಸಿ ನೋಡುವ ಸೆನ್ಸರ್‌ಗೆ. ನೀರು 92 ಡಿಗ್ರಿಗೆ ಬಂದರೆ ಸೆನ್ಸರ್ ಆ ವೈರನ್ನು ಅರ್ತ್‌ಗೆ (ಬ್ಯಾಟರಿ ಮೈನಸ್ ಸೇರಿರುವ ಚಾಸಿಗೆ) ಸೇರಿಸುತ್ತೆ, 87 ಡಿಗ್ರಿಗೆ ಇಳಿದರೆ ಬಿಡುತ್ತೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಲಿ. ಫ್ಯೂಸಿಗೂ ಮುಂಚಿನ ವೈರ್ ಉಜ್ಜಿ ಬಾಡಿಗೆ ತಾಗಿದರೆ ತಡೆಯೋರು ಯಾರು?

ಎಲ್ಲ ಜೋಡಿಸಿ ಇಂಜಿನ್ ಆನ್ ಮಾಡಿ ಕಾದೆ. ಮುಳ್ಳು ಏರಿತು, ಇನ್ನೂ ಏರಿತು. ಫ್ಯಾನ್ ಅಲ್ಲಾಡಲೇ ಇಲ್ಲ. ಆಫ್ ಮಾಡಿ ಒಂದು ಬೀಡಿ ಸೇದಿ ಬಂದೆ. ಇಗ್ನಿಷನ್ ಆನ್ ಮಾಡಿ, ಸೆನ್ಸರ್ ವೈರ್ ಬಿಚ್ಚಿ ಚಾಸಿಗೆ ಮುಟ್ಟಿಸಿದೆ. ಟಕ್ ಅಂತ ರಿಲೇ, ಗುಯ್ ಅಂತ ಫ್ಯಾನ್. ಅಂದರೆ ವೈರಿಂಗ್ ಸರಿ, ಸೆನ್ಸರ್ರೇ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದೆ. ಅದೂ ಹಾಗೇ. ಸುಮ್ನೆ ದುಡ್ಡು ದಂಡ.

ಪಕ್ಕದ ಶೆಡ್ಡಿನ ಎಲೆಕ್ಟ್ರಿಷಿಯನ್ ಬಗ್ಗಿ ನೋಡಿ, "ಅದು ಕೂತಿರೋದು ಯಾವುದರ ಮೇಲಪ್ಪಾ?" ಅಂದರು. ಆಗ ಹೊಳೆಯಿತು. ರೇಡಿಯೇಟರಿನ ಮೇಲಿನ ರಬ್ಬರ್ ಹೋಸ್ ಕೊಯ್ದು, ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಕೂರಿಸಿ, ಅದಕ್ಕೆ ಸೆನ್ಸರ್ ತಿರುಗಿಸಿದ್ದೆ. ನನ್ನದು ಒಂದೇ ಪಿನ್ನಿನ ಸೆನ್ಸರ್, ಅದಕ್ಕೆ ಮೈಯೇ ಅರ್ತ್. ಆದರೆ ಅಡಾಪ್ಟರಿನ ಆ ಕಡೆ ರಬ್ಬರ್, ಈ ಕಡೆ ರಬ್ಬರ್! ಅಡಾಪ್ಟರಿಗೂ ಚಾಸಿಗೂ ಮೀಟರ್ ಹಿಡಿದರೆ ಬೀಪೇ ಇಲ್ಲ, ಅಂದರೆ ಅರ್ತೇ ಸಿಕ್ಕಿಲ್ಲ. ಅಡಾಪ್ಟರಿಗೆ ಒಂದು ವೈರ್ ಬಿಗಿದು, ಚಾಸಿಯ ಬಣ್ಣ ಕೆರೆದು ಬೋಲ್ಟ್ ಮಾಡಿದೆ. ಮುಂದಿನ ಬಿಸಿಗೆ ಫ್ಯಾನ್ ತಾನಾಗೇ ತಿರುಗಿತು.

ಗಾಳಿ ಯಾವ ಕಡೆ ಅಂತ ನೋಡಲು ರೇಡಿಯೇಟರ್ ಮುಂದೆ ಪೇಪರ್ ಹಿಡಿದೆ. ಅಂಟಿಕೊಂಡಿತು, ಎಳೆಯುತ್ತಿದೆ ಅಂತ ಲೆಕ್ಕ. ಉದುರಿದರೆ ಪ್ಲಸ್ ಮೈನಸ್ ಅದಲು ಬದಲಾಗಿರಬಹುದು.

ಲೋಡ್ ಹಾಕಿಕೊಂಡು ಮೇಲುಕೋಟೆ ಏರು ಹತ್ತಿಸಿದೆ. ಫ್ಯಾನ್ ಮೇಲಿನ ತನಕ ನಿಲ್ಲಲೇ ಇಲ್ಲ, ಮುಳ್ಳೂ ಮಾಮೂಲಿಗಿಂತ ಸ್ವಲ್ಪ ಮೇಲೇ ಇತ್ತು. ದಿನಾ ಘಾಟಿಯಲ್ಲಿ ಭಾರ ಹೊರುವ ಗಾಡಿಗೆ ಈ ಸೈಜಿನ ಫ್ಯಾನ್ ಸಾಲದು, ಅವರು ಬೆಲ್ಟ್ ಫ್ಯಾನ್ ಬಿಚ್ಚದಿರುವುದೇ ವಾಸಿ. ನನ್ನದು ಬಯಲು ಸೀಮೆಯ ಓಡಾಟ, ನಡೆಯುತ್ತೆ.

ಆಮೇಲೆ 87ರಿಂದ ಸಣ್ಣ ಫ್ಯೂಸ್ ಹಾಕಿ ಇನ್ನೊಂದು ವೈರ್ ಎಳೆದು ಡ್ಯಾಶ್‌ಬೋರ್ಡಿಗೆ ಪುಟ್ಟ ಬಲ್ಬ್ ಕೊಟ್ಟೆ. ಈಗ ಕ್ಯೂನಲ್ಲಿ ಕೂತು ಅದನ್ನೇ ನೋಡುತ್ತಿರುತ್ತೇನೆ. ಹತ್ತುತ್ತೆ, ಸ್ವಲ್ಪ ಹೊತ್ತಿಗೆ ಆರುತ್ತೆ.