ಒಂದು ಉದ್ದದ ಫೈಲನ್ನು ನಾನೂರು ತುಂಡು ಮಾಡಿದ್ದು

ಆರು ವರ್ಷದ ಟಿಪ್ಪಣಿಗಳೆಲ್ಲ ಒಂದೇ ಫೈಲಿನಲ್ಲಿದ್ದವು. ಹನ್ನೊಂದು ಸಾವಿರ ಚಿಲ್ಲರೆ ಸಾಲು. ಹೊಸದು ಏನೇ ಕಲಿತರೂ ಎರಡು ಹ್ಯಾಶ್ (##) ಹಾಕಿ, ಪಕ್ಕದಲ್ಲಿ ಒಂದು ಶೀರ್ಷಿಕೆ ಬರೆದು, ಕೆಳಗೆ ಗೀಚುತ್ತಾ ಹೋಗಿದ್ದೆ. ಹುಡುಕೋಕೆ ತೊಂದರೆ ಇರಲಿಲ್ಲ. ಆದರೆ ಯಾರಾದರೂ "ಅದೊಂದು ಟಿಪ್ಪಣಿ ಕಳಿಸು" ಅಂದರೆ ಪ್ರತಿ ಸಲ ಕಾಪಿ, ಪೇಸ್ಟ್. ಒಂದೊಂದು ಶೀರ್ಷಿಕೆಗೆ ಒಂದೊಂದು ಫೈಲ್ ಮಾಡಿಬಿಡೋಣ ಅಂತ ಒಂದು ಭಾನುವಾರ ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ.

ಈ ಕೆಲಸಕ್ಕೇ ಅಂತ ಯೂನಿಕ್ಸಿನಲ್ಲಿ ಸಿಸ್ಪ್ಲಿಟ್ ಅನ್ನೋ ಕಮಾಂಡ್ ಇದೆ, ಗೊತ್ತಿತ್ತು. ಅದು ಚೆನ್ನಾಗಿಯೇ ಕತ್ತರಿಸುತ್ತೆ. ಆದರೆ ತುಂಡುಗಳಿಗೆ ಎಕ್ಸ್‌ಎಕ್ಸ್ ಸೊನ್ನೆ ಸೊನ್ನೆ, ಎಕ್ಸ್‌ಎಕ್ಸ್ ಸೊನ್ನೆ ಒಂದು ಅಂತ ಹೆಸರಿಡುತ್ತೆ. ನಾನೂರು ಫೈಲಿಗೆ ಆ ಥರದ ಹೆಸರಿದ್ದರೆ ಇದ್ದ ಒಂದು ಫೈಲೇ ವಾಸಿ. ನನಗೆ ಶೀರ್ಷಿಕೆಯೇ ಫೈಲಿನ ಹೆಸರಾಗಬೇಕಿತ್ತು. ದಿನವಿಡೀ ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್‌ನಲ್ಲೇ ಇರುವವನು, ಹಾಗಾಗಿ ಅಲ್ಲೇ ಶುರು ಮಾಡಿದೆ.

ವಿಮ್‌ನ ಗ್ಲೋಬಲ್ ಕಮಾಂಡ್ ಹಳೇ ಕಾಲದ 'ಇಡಿ' ಎಡಿಟರ್‌ನಿಂದ ಬಂದದ್ದು. ಫೈಲಿನಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡಿನ ಹೆಸರು ಹುಟ್ಟಿದ್ದೂ ಅದರಿಂದಲೇ. ಅದು ಮೊದಲು ಫೈಲ್ ಪೂರ್ತಿ ಓಡಿ, ಹೊಂದುವ ಸಾಲುಗಳಿಗೆಲ್ಲ ಗುರುತು ಹಾಕಿಕೊಳ್ಳುತ್ತೆ. ಆಮೇಲೆ ಗುರುತಿರುವ ಒಂದೊಂದು ಸಾಲಿಗೂ ಹೋಗಿ ನಾವು ಹೇಳಿದ ಕೆಲಸ ಮಾಡುತ್ತೆ. "ಈ ಸಾಲಿನಿಂದ ಮುಂದಿನ ಶೀರ್ಷಿಕೆಯ ಹಿಂದಿನ ಸಾಲಿನವರೆಗೆ ಬೇರೆ ಫೈಲಿಗೆ ಬರೆ" ಅನ್ನೋದನ್ನ ಒಂದೇ ಸಾಲಿನಲ್ಲಿ ಹೇಳಬಹುದು. ಹೇಳಿದೆ. ಕೊನೆಯ ಭಾಗ ಒಂದು ಬಿಟ್ಟು ಎಲ್ಲ ಬಂತು.

ಕೊನೆಯದು ಯಾಕೆ ಬರಲಿಲ್ಲ? ಕೊನೆಯ ಶೀರ್ಷಿಕೆಯ ಮುಂದೆ ಇನ್ನೊಂದು ಶೀರ್ಷಿಕೆ ಇಲ್ಲವಲ್ಲ. ಹುಡುಕಾಟ ಫೈಲಿನ ತುದಿ ಮುಟ್ಟಿ, ಸುತ್ತಿಕೊಂಡು ಮತ್ತೆ ಮೇಲಿನಿಂದ ಶುರುವಾಗುತ್ತೆ. ಹಾಗಾಗಿ ಮುಗಿಯುವ ಸಾಲು ಶುರುವಾಗುವ ಸಾಲಿಗಿಂತ ಮೇಲೆ ಬಂದುಬಿಡುತ್ತೆ. ಇಂಥ ರೇಂಜ್ ನಡೆಯಲ್ಲ ಅಂತ ವಿಮ್ ಕೈ ಎತ್ತಿತು. ಫೈಲಿನ ಕೊನೆಗೆ ಸುಮ್ನೆ ಒಂದು ಖಾಲಿ ಶೀರ್ಷಿಕೆ ಸೇರಿಸಿದರೆ ಅದೂ ಸರಿಹೋಗುತ್ತೆ.

ಆದರೆ ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಫೈಲುಗಳ ಪಟ್ಟಿಯಲ್ಲಿ "ಈ ಸಾಲು ತೆಗೀಬೇಡ" ಅನ್ನೋ ಹೆಸರಿನದು ಒಂದಿತ್ತು. ಇಂಥ ಟಿಪ್ಪಣಿ ನಾನು ಯಾವತ್ತೂ ಬರೆದಿಲ್ಲ! ತೆರೆದು ನೋಡಿದರೆ ಅರ್ಧ ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡುಗಳ ಪಟ್ಟಿ. ಟಿಪ್ಪಣಿಯ ಮಧ್ಯೆ ಅಂಟಿಸಿದ್ದ ಕೋಡ್ ಅದು, ಅದರ ಕಾಮೆಂಟು ಎರಡು ಹ್ಯಾಶ್‌ನಿಂದ ಶುರುವಾಗಿತ್ತು. ಗ್ಲೋಬಲ್ ಕಮಾಂಡಿಗೆ ಅದು ಶೀರ್ಷಿಕೆಯೇ. ಇಂಥವು ಏಳು ಸಿಕ್ಕವು.

ಅಲ್ಲಿಗೆ ಒಂದೇ ಸಾಲಿನ ಆಸೆ ಬಿಟ್ಟು ವಿಮ್‌ನದೇ ಭಾಷೆಯಾದ ವಿಮ್‌ಸ್ಕ್ರಿಪ್ಟಿನಲ್ಲಿ ಒಂದು ಫಂಕ್ಷನ್ ಬರೆದೆ. ಗೆಟ್‌ಲೈನ್ ಮೂಲಕ ಎಲ್ಲ ಸಾಲುಗಳನ್ನು ಒಂದು ಲಿಸ್ಟಿಗೆ ತಗೊಂಡು, ಒಂದೊಂದಾಗಿ ನೋಡುತ್ತಾ ಹೋಗೋದು. ಟಿಪ್ಪಣಿಯಲ್ಲಿ ಕೋಡಿನ ಹಿಂದೆ ಮುಂದೆ ಮೂರು ಬ್ಯಾಕ್‌ಟಿಕ್ (```) ಹಾಕಿರುತ್ತೀನಿ; ಅದರಿಂದ ಶುರುವಾಗುವ ಸಾಲು ಬಂದರೆ "ಈಗ ಕೋಡ್ ಒಳಗಿದ್ದೀವಿ" ಅಂತ ಒಂದು ವೇರಿಯಬಲ್ ತಿರುಗಿಸೋದು, ಇನ್ನೊಮ್ಮೆ ಬಂದರೆ ವಾಪಸ್ ತಿರುಗಿಸೋದು. ಕೋಡ್ ಹೊರಗೆ ಶೀರ್ಷಿಕೆ ಸಿಕ್ಕರೆ, ಅಲ್ಲಿವರೆಗೆ ಕೂಡಿಟ್ಟ ಸಾಲುಗಳನ್ನು ರೈಟ್‌ಫೈಲ್‌ನಿಂದ ಬರೆದು, ಹೊಸ ಲಿಸ್ಟ್ ಶುರು. ಲೂಪ್ ಮುಗಿದ ಮೇಲೆ ಉಳಿದದ್ದನ್ನು ಇನ್ನೊಂದು ಸಲ ಬರೆಯೋದು. ಇಪ್ಪತ್ತು ಸಾಲು ದಾಟಲಿಲ್ಲ.

ಇನ್ನು ಹೆಸರಿನ ಕಥೆ. ಭಾನುವಾರ ಪೂರ್ತಿ ಹೋಗಿದ್ದು ಇದರಲ್ಲೇ.

ಶೀರ್ಷಿಕೆಯಲ್ಲಿ ಓರೆಗೆರೆ, ಕೋಲನ್, ಪ್ರಶ್ನೆ ಚಿಹ್ನೆ ಎಲ್ಲ ಇರುತ್ತವೆ. ಓರೆಗೆರೆ ಇದ್ದರೆ ಅದರ ಹಿಂದಿನದು ಫೋಲ್ಡರಿನ ಹೆಸರು ಅಂತ ಸಿಸ್ಟಂ ತಿಳಿಯುತ್ತೆ, ಅಂಥ ಫೋಲ್ಡರ್ ಇಲ್ಲ ಅಂತ ಎರರ್ ಬರುತ್ತೆ. ಅದಕ್ಕೆ ನಾನು ಯಾವಾಗಲೂ ಮಾಡೋ ಹಾಗೆ, "ಪದದ ಅಕ್ಷರ ಅಲ್ಲದ್ದನ್ನೆಲ್ಲ ಹೈಫನ್ ಮಾಡು" ಅಂತ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ (ಹುಡುಕುವ ಮಾದರಿ) ಹಾಕಿದೆ. ಓಡಿಸಿದೆ. ಸೆಕೆಂಡಿನಲ್ಲಿ ಮುಗಿಯಿತು, ಒಂದೂ ಎರರ್ ಇಲ್ಲ. ಫೋಲ್ಡರ್ ತೆರೆದರೆ ಬೆರಳೆಣಿಕೆಯ ಫೈಲುಗಳು. ಒಂದರ ಹೆಸರು ಬರೀ ಒಂದು ಹೈಫನ್.

ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು. ವಿಮ್‌ನ ಪ್ರಕಾರ 'ಪದದ ಅಕ್ಷರ' ಅಂದರೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ, ಒಂದು ಅಂಡರ್‌ಸ್ಕೋರ್. ಅಷ್ಟೇ. ನನ್ನ ಶೀರ್ಷಿಕೆಗಳು ಬಹುಪಾಲು ಕನ್ನಡದವು. ಒಂದೊಂದು ಶೀರ್ಷಿಕೆಯೂ ಪೂರ್ತಿ ಅಳಿದು ಒಂದು ಹೈಫನ್ ಆಗಿ, ಎಲ್ಲವೂ ಒಂದೇ ಹೆಸರಿನ ಫೈಲಿಗೆ ಒಂದರ ಮೇಲೊಂದು ಬರೆದುಕೊಂಡಿದ್ದವು. ವಿಮ್‌ನ ಮಾಮೂಲಿ ರೈಟ್ ಕಮಾಂಡ್ ಆಗಿದ್ದರೆ ಈ ಹೆಸರಿನ ಫೈಲ್ ಆಗಲೇ ಇದೆ ಅಂತ ತಡೆಯುತ್ತಿತ್ತು. ರೈಟ್‌ಫೈಲ್ ಕೇಳೋಲ್ಲ, ಬಳಿದುಬಿಡುತ್ತೆ. ಮೂಲ ಫೈಲಿಗೆ ಕೈ ಹಾಕಿರಲಿಲ್ಲ, ಬಚಾವ್.

ಆಮೇಲೆ ತಿರುಗಿಸಿ ಬರೆದೆ. ಏನು ಇಟ್ಟುಕೊಳ್ಳಬೇಕು ಅನ್ನೋದರ ಬದಲು ಏನು ತೆಗೆಯಬೇಕು ಅಂತ ಹೇಳಿದೆ: ಎರಡೂ ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನೆ ಚಿಹ್ನೆ, ಉದ್ಧರಣ ಚಿಹ್ನೆ, ಕೋನ ಬ್ರಾಕೆಟ್ಟು, ನೆಟ್ಟಗಿನ ಗೆರೆ. ವಿಂಡೋಸ್ ಒಪ್ಪದ ಪಟ್ಟಿ ಇದು. ಮುಂದೆ ಯಾರಿಗೋ ಕಳಿಸಿದಾಗ ಗೋಳಾಗದಿರಲಿ ಅಂತ ಪೂರ್ತಿ ಸೇರಿಸಿದೆ. ಜೊತೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ. 'ಸಾಫ್ಟ್‌ವೇರ್' ಅಂತ ಬರೆದಾಗ 'ವೇ' ಒತ್ತಾಗದಿರಲಿ ಅಂತ ಮಧ್ಯೆ ಒಂದು ಜೀರೋ ವಿಡ್ತ್ ನಾನ್ ಜಾಯ್ನರ್ ಬರುತ್ತಲ್ಲ, ಅದು. ಒಂದು ಸಲ ಹಾಕಿ, ಇನ್ನೊಂದು ಸಲ ಹಾಕದೆ ಇದ್ದರೆ ಹುಡುಕಿದಾಗ ಫೈಲ್ ಸಿಗೋಲ್ಲ. ಹೆಸರಿನಿಂದ ಮಾತ್ರ ತೆಗೆದೆ, ಒಳಗಿನ ಶೀರ್ಷಿಕೆಯಲ್ಲಿ ಹಾಗೇ ಬಿಟ್ಟೆ. ಹೆಸರು ನೋಡೋಕೆ ಸ್ವಲ್ಪ ವಿಕಾರ, ಪರವಾಗಿಲ್ಲ.

ಉದ್ದದ್ದೂ ಒಂದು ತಲೆನೋವು. ಲಿನಕ್ಸಿನ ಸಾಮಾನ್ಯ ಫೈಲ್‌ಸಿಸ್ಟಮ್‌ಗಳಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ (ವ್ಯಂಜನ, ಸ್ವರಚಿಹ್ನೆ, ಹಲಂತದಂಥ ಒಂದೊಂದು ಬಿಡಿ ಘಟಕಕ್ಕೂ) 3 ಬೈಟ್. ಅಂದರೆ ಹೆಚ್ಚೆಂದರೆ 85. 'ಸ್ತ್ರೀ' ಅನ್ನೋ ಒಂದೇ ಅಕ್ಷರದಲ್ಲಿ ಆರು ಕೋಡ್ ಪಾಯಿಂಟ್ ಇವೆ, 18 ಬೈಟ್ ಅಲ್ಲೇ ಖರ್ಚು. ಬೈಟ್ ಎಣಿಸಿ ಕತ್ತರಿಸಿದರೆ ಅಕ್ಷರದ ಹೊಟ್ಟೆಗೇ ಕತ್ತರಿ ಬೀಳಬಹುದು. ಹಾಗಾಗಿ ಶೀರ್ಷಿಕೆಯ ಮೊದಲ ನಾಲ್ಕು ಪದ ಸಾಕು ಅಂತ ನಿಲ್ಲಿಸಿದೆ. ಹೆಸರಿನ ಶುರುವಿನಲ್ಲಿ ಮೂರಂಕಿಯ ಕ್ರಮಸಂಖ್ಯೆ: 001, 002. ಸೊನ್ನೆ ಹಾಕದಿದ್ದರೆ ಪಟ್ಟಿಯಲ್ಲಿ 10 ಹೋಗಿ 2ಕ್ಕಿಂತ ಮೊದಲೇ ಕೂರುತ್ತೆ. ಸಂಖ್ಯೆ ಇರೋದರಿಂದ ಒಂದೇ ಶೀರ್ಷಿಕೆ ಎರಡು ಸಲ ಬಂದರೂ ಒಂದನ್ನೊಂದು ಅಳಿಸೋಲ್ಲ.

ಎಲ್ಲ ಸರಿಯಾಗಿದೆ ಅಂತ ಗೊತ್ತಾಗೋದು ಹೇಗೆ? ನಾನೂರು ಫೈಲ್ ತೆರೆದು ನೋಡೋಕಾಗಲ್ಲ. ಎಲ್ಲವನ್ನೂ ಕ್ಯಾಟ್ ಕಮಾಂಡಿನಿಂದ ಜೋಡಿಸಿ ಮತ್ತೆ ಒಂದು ಫೈಲ್ ಮಾಡಿ, ಮೂಲದ ಜೊತೆ ಸಿಎಂಪಿ ಕಮಾಂಡಿನಲ್ಲಿ ಹೋಲಿಸಿದೆ. ಎರಡೂ ಒಂದೇ ಆಗಿದ್ದರೆ ಅದು ಏನೂ ಹೇಳೋಲ್ಲ. ನನಗೆ ಮೊದಲ ಸಾಲಿನಲ್ಲೇ ವ್ಯತ್ಯಾಸ ಇದೆ ಅಂದಿತು. ಮೊದಲ ಶೀರ್ಷಿಕೆಗಿಂತ ಮೇಲೆ ಒಂಬತ್ತು ಸಾಲು ಇದ್ದವು, ಅವಕ್ಕೆ ಶೀರ್ಷಿಕೆ ಇಲ್ಲ ಅಂತ ನನ್ನ ಫಂಕ್ಷನ್ ಬಿಟ್ಟಿತ್ತು. ಅವಕ್ಕೆ 000 ಕೊಟ್ಟೆ. ಮತ್ತೆ ಓಡಿಸಿದೆ. ಸಿಎಂಪಿ ಮಾತಾಡಲಿಲ್ಲ.

ಖುಷಿಯಲ್ಲಿ ಯಾವುದೋ ಒಂದು ಫೈಲ್ ತೆರೆದೆ. ಶೀರ್ಷಿಕೆಯ ಕೆಳಗಿನ ಮೊದಲ ಸಾಲು: "ಮೇಲೆ ಮಾಡಿದ ಹಾಗೇ, ಆದರೆ ಪೋರ್ಟ್ ಬದಲಿಸು." ಯಾವ ಮೇಲೆ? 'ಮೇಲೆ' ಅಂತ ಗ್ರೆಪ್ ಮಾಡಿದರೆ ಬೇಡದ್ದೇ ಜಾಸ್ತಿ ಬರುತ್ತೆ. ಸದ್ಯಕ್ಕೆ ಹಳೇ ಫೈಲನ್ನೂ ಇಟ್ಟುಕೊಂಡಿದ್ದೀನಿ. ಅಂಥ ಸಾಲು ಎದುರಾದಾಗ ಅಲ್ಲಿ ನೋಡಿ, ಇಲ್ಲಿ ಆ ಫೈಲಿನ ಸಂಖ್ಯೆ ಬರೆಯುತ್ತೀನಿ.