ಸೌಂಡ್ ಆಫ್ ಮಾಡಿ ಟ್ರೇಲರ್ ಎಣಿಸಿದ್ದು: ನನ್ನ ಅನುಭವ

'ಟ್ರೇಲರ್ ಮಾಡೋಕೆ ಲೆಕ್ಕದ ಪುಸ್ತಕ ಯಾಕೋ?' ಅಂತ ನಮ್ಮ ಟೀಮಿನವರೇ ಕೇಳಿದ್ದರು. ಈಗ ಕಾಲೇಜಿನಲ್ಲಿ ಎಲ್ಲರೂ ನಾವು ವಿದ್ಯಾರ್ಥಿಗಳೇ ಸೇರಿ ಮಾಡಿದ ಟ್ರೇಲರನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹದಿನೈದಿಪ್ಪತ್ತು ಕನ್ನಡ ಟ್ರೇಲರ್ ತಗೊಂಡು ಮೊದಲು ಸೌಂಡ್ ಆಫ್ ಮಾಡಿ ನೋಡಿದೆ, ಆಮೇಲೆ ಸ್ಕ್ರೀನ್ ಮುಚ್ಚಿ ಬರೀ ಕೇಳಿದೆ. ಪ್ರತಿ ಶಾಟ್ ಎಷ್ಟು ಸೆಕೆಂಡ್, ಸ್ಕ್ರೀನ್ ಎಲ್ಲಿ ಕಪ್ಪಾಗುತ್ತದೆ, ಟೈಟಲ್ ಯಾವಾಗ, ಎಲ್ಲ ಹಾಳೆಗೆ ಇಳಿಸಿದೆ. ಮೊದಲ ಅರ್ಧ ನಿಮಿಷದಲ್ಲಿ ಹತ್ತೋ ಹನ್ನೆರಡೋ ಶಾಟ್, ಕೊನೆಯ ಅರ್ಧ ನಿಮಿಷದಲ್ಲಿ ನಲವತ್ತರ ಹತ್ತಿರ. ಟೈಟಲ್ ಬಂತು, ಮುಗೀತು ಅನ್ನುವಾಗ ಎಷ್ಟೋ ಸಲ ಇನ್ನೊಂದು ಶಾಟ್ ಬರುತ್ತದೆ. ಸ್ಟಾರ್ ಸಿನಿಮಾ ಆದರೆ ಬೇರೆಯವರ ಬಾಯಲ್ಲಿ ಹೀರೋಗೆ ಬಿಲ್ಡಪ್, ಆಮೇಲೆ ಕಾಲು, ಬೆನ್ನು, ಕೊನೆಗೆ ಮುಖ. ನಮ್ಮಲ್ಲಿ ಸ್ಟಾರ್ ಎಲ್ಲಿ? ಆ ಬಿಲ್ಡಪ್ಪನ್ನು ಕಥೆಯಲ್ಲಿ ಕಾಣೆಯಾದ ಹುಡುಗನಿಗೆ ಕೊಟ್ಟೆ. ಊರೆಲ್ಲ ಅವನ ಬಗ್ಗೆ ಮಾತಾಡುತ್ತದೆ, ಅವನ ಮುಖ ಮಾತ್ರ ಕಾಣುವುದಿಲ್ಲ. ಇದು ನನ್ನದೇ ಐಡಿಯಾ, ಚೆನ್ನಾಗಿ ಕೂತಿತು.

ಲೊಕೇಶನ್ ಅಂದ ತಕ್ಷಣ ಎಲ್ಲರೂ ಚಿತ್ರದುರ್ಗದ ಕೋಟೆ ಅಂದರು. ಅದು ಪುರಾತತ್ವ ಇಲಾಖೆಯದ್ದು, ಶೂಟಿಂಗಿಗೆ ಅನುಮತಿ ಬೇಕು. ಅಲ್ಲದೆ ಅಲ್ಲೇ ತೆಗೆದ 1972ರ 'ನಾಗರಹಾವು' ಸಿನಿಮಾ ನೋಡಿದವರಿಗೆ ಆ ಬಂಡೆ ಕಂಡರೆ ಅದೇ ಕಥೆ ನೆನಪಾಗುತ್ತದೆ, ಅಲ್ವಾ? ಅದಕ್ಕೆ ಗಾಳಿಯಂತ್ರಗಳ ಗುಡ್ಡದ ಕೆಳಗೆ ಒಂದು ಶೇಂಗಾ ಹೊಲ ಹಿಡಿದೆವು. ಫ್ರೇಮ್ ಸೂಪರ್, ಆದರೆ ಗಾಳಿ! ಬಾಡಿಗೆ ಮೈಕಿನಲ್ಲಿ ಬುಸ್ಸೆನ್ನುವ ಸದ್ದು ಬಿಟ್ಟು ಒಂದು ಡೈಲಾಗೂ ಉಳಿಯಲಿಲ್ಲ. ಕ್ಯಾಮೆರಾ, ಮೈಕ್ ಸೇರಿ ದಿನಕ್ಕೆ ಎರಡು ಸಾವಿರದ ಹತ್ತಿರ, ಊಟ ಪೆಟ್ರೋಲ್ ಬೇರೆ. ಡೈಲಾಗಿನ ಮಟ್ಟಿಗೆ ಅಷ್ಟೂ ದುಡ್ಡು ನೀರಲ್ಲಿ ಹೋಯಿತು. ಕೊನೆಗೆ ಹಾಸ್ಟೆಲ್ ರೂಮಿನಲ್ಲಿ ಕಂಬಳಿ ಹೊದ್ದುಕೊಂಡು ಮೊಬೈಲಿನಲ್ಲೇ ಡಬ್ಬಿಂಗ್ ಮಾಡಿದೆವು. ಖರ್ಚು ಸೊನ್ನೆ, ಮಾತು ಒಂದೊಂದೂ ಸ್ಪಷ್ಟ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಶಾಟ್‌ಗಳನ್ನು ಮುಟ್ಟದೆ ಒಂದು ಕಾಪಿಗೆ ತಮಟೆ ಹಾಕಿದೆ, ಇನ್ನೊಂದಕ್ಕೆ ಹಳೇ ಫ್ಯಾನಿನ ಗುಂಯ್ ಸದ್ದು. ಮೊದಲನೆಯದು ನೋಡಿದವರು ಜಾತ್ರೆ ಕಥೆ ಅಂದರು, ಎರಡನೆಯದಕ್ಕೆ ದೆವ್ವದ್ದಾ ಅಂತ ಕೇಳಿದರು. ಅವತ್ತಿನಿಂದ ಎಡಿಟಿಂಗ್ ಮಾಡುವಾಗ ಟೈಮ್‌ಲೈನಿನಲ್ಲಿ ಮೊದಲು ಸೌಂಡ್ ಹಾಸುತ್ತೇನೆ, ಆಮೇಲೆ ಶಾಟ್ ಕೂರಿಸುತ್ತೇನೆ.

ಒಟ್ಟು ಏಳೆಂಟು ಸಾವಿರ ಆಗಿರಬೇಕು. ಟೈಟಲ್‌ಗೆ ಮುಂಚೆ ಬರುವ ಆ ಮೌನ ಹೇಗೆ ಮಾಡಿದೆವು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಎಣಿಕೆಯ ಹಾಳೆ ಬೇಕು ಅಂತ ಜೂನಿಯರ್‌ಗಳು ಕೇಳುತ್ತಿದ್ದಾರೆ. ಕೊಡುತ್ತೇನೆ, ಆದರೆ ಮೊದಲು ತಾವೇ ಐದಾರು ಟ್ರೇಲರ್ ಎಣಿಸಿಕೊಂಡು ಬರಲಿ.